ಲೋಳೆ ಕವಚವೂ ಇಂದುಧರನ ರೊಟ್ಟಿಯೂ

ನದಿಯ ದಂಡೆಯಲ್ಲೊಂದು ಆಶ್ರಮ. ಅಲ್ಲೇ ನಾಲ್ಕು ಹಾಸಿಗೆಯ ಆಸ್ಪತ್ರೆ, ಒಂದು ಸಣ್ಣ ಪ್ರಯೋಗಾಲಯ. ಡಾಕ್ಟರ್ ಭಾಗೀರಥಮ್ಮ ಗುರು. ಮಂಗಳೂರಿನಿಂದ ಬಂದ ಇಂದುಧರ ಶಿಷ್ಯ.

ಅಡುಗೆಯ ಸಾವಂತ್ರವ್ವ ಜ್ವರ ಬಂದು ಮಲಗಿ ಮೂರು ದಿನವಾಗಿತ್ತು. ಸೌಟು ಇಂದುಧರನ ಕೈಗೆ ಬಂದಿತ್ತು. ಆಶ್ರಮದವರಿಗೆಲ್ಲ ಇದ್ದಕ್ಕಿದ್ದಂತೆ ಉಪವಾಸದಲ್ಲಿ ಆಸಕ್ತಿ ಹುಟ್ಟಿತ್ತು.

ನಾಲ್ಕನೆಯ ಬೆಳಿಗ್ಗೆ ಅವನು ವರದಿ ಹಿಡಿದು ಓಡಿಬಂದ.

"ಅಮ್ಮಾ, ಸಾವಂತ್ರವ್ವನ ಕಫದಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಂಶ ಸಿಕ್ಕಿತು. ಏಳು ತಲೆಮಾರಿನಿಂದ ಸಾಧು. ಯಾರಿಗೂ ಕೇಡು ಮಾಡಿದ್ದಿಲ್ಲ. ಇದು ಸಾದಾ ಜ್ವರ. ನಾಳೆಯೇ ಒಲೆಯ ಮುಂದೆ ಕೂರಿಸಬಹುದು."

"ಅವಳಿಗೆ ಹುಷಾರಾಗಿದೆಯೋ, ನಿನಗೆ ಸೌಟು ಸಾಕಾಗಿದೆಯೋ?"

ಇಂದುಧರ ಪೆಚ್ಚಾಗಿ ನಕ್ಕ.

"ಅದನ್ನು ಬೆಳೆಸಿದ ತಟ್ಟೆ ತೋರಿಸು."

ಪ್ರಯೋಗಾಲಯದಲ್ಲಿ ಗುರು ತಂತಿಯ ತುದಿಯನ್ನು ಬ್ಯಾಕ್ಟೀರಿಯಾದ ಚುಕ್ಕೆಗೆ ಮುಟ್ಟಿಸಿ ಮೆಲ್ಲಗೆ ಎತ್ತಿದರು. ಬೆಂಡೆಕಾಯಿ ಹೆಚ್ಚಿದಾಗ ಚಾಕುವಿನ ಜೊತೆ ಏಳುತ್ತದಲ್ಲ, ಅಂಥದೊಂದು ಲೋಳೆಯ ಎಳೆ ಎದ್ದಿತು. ಬೆರಳುದ್ದ ಬಂದರೂ ಕಡಿಯಲಿಲ್ಲ.

ಇಂದುಧರನ ನಗು ಇಂಗಿತು.

"ಲೋಳೆ ಕವಚ..."

"ಬ್ಯಾಕ್ಟೀರಿಯಾ ಅದನ್ನು ತೊಟ್ಟರೆ ಏನಾಗುತ್ತದೆ?"

"ರಕ್ತದ ಕಾವಲು ಕಣಗಳು ಹಿಡಿಯಹೋದರೆ ಜಾರಿಕೊಳ್ಳುತ್ತದೆ. ಶ್ವಾಸಕೋಶದಲ್ಲಿ ಬೇರೂರಿದರೆ ಜೀವಕ್ಕೇ ಅಪಾಯ. ಆದರೆ ಅಮ್ಮಾ, ಈ ವಂಶದಲ್ಲಿ ಯಾರಿಗೂ ಕವಚವೇ ಇಲ್ಲ! ಇದಕ್ಕೆಲ್ಲಿಂದ ಬಂತು?"

ಗುರು ಕೈ ತೊಳೆದು ಹೊರಗಿನ ಕಟ್ಟೆಗೆ ಬಂದರು. ಬುತ್ತಿ ಬಿಚ್ಚಿ, ಅವನೇ ಬಡಿದಿದ್ದ ಜೋಳದ ರೊಟ್ಟಿಯನ್ನು ಎತ್ತಿ ಹಿಡಿದರು. ಒಂದು ಅಂಚು ಕರಕಲು.

"ನಿಮ್ಮಮ್ಮ ರೊಟ್ಟಿ ಬಡಿಯುತ್ತಾರಾ?"

"ಇಲ್ಲಮ್ಮ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ."

"ಅಜ್ಜಿ?"

"ಅಜ್ಜಿ ಜೋಳ ನೋಡಿಯೇ ಇರಲಿಕ್ಕಿಲ್ಲ."

"ಮತ್ತೆ ನಿನ್ನ ಕೈಗೆ ಎಲ್ಲಿಂದ ಬಂತು?"

"ಒಲೆಯ ಪಕ್ಕ ಕೂರಿಸಿಕೊಂಡು ಸಾವಂತ್ರವ್ವ ಕಲಿಸಿ..." ಮಾತು ಅರ್ಧಕ್ಕೇ ನಿಂತಿತು. "ಪಕ್ಕದ ಯಾವುದೋ ಬ್ಯಾಕ್ಟೀರಿಯಾ ಕೊಟ್ಟಿದೆ! ಕವಚ ಹೆಣೆಯುವ ಜೀನ್‌ಗಳನ್ನು ಹೊತ್ತು ಒಂದರಿಂದ ಇನ್ನೊಂದಕ್ಕೆ ದಾಟುವ ಅಲೆಮಾರಿ ಡಿಎನ್‌ಎ ತುಂಡು!"

ಗುರು ರೊಟ್ಟಿಯ ಕರಕಲು ಕೆರೆದು ತಿನ್ನತೊಡಗಿದರು.

ಇಂದುಧರ ವರದಿ ಹರಿದು ಆಸ್ಪತ್ರೆಗೆ ಓಡಿದ. ಆ ಗಳಿಗೆಯೇ ಬೇರೆ ಔಷಧ ಶುರುವಾಯಿತು.

"ಇಂಜೆಕ್ಷನ್ ಎಷ್ಟಾರ ಚುಚ್ಚೋ ಯಪ್ಪಾ, ತಡಕೊಂತೇನಿ," ಎಂದಳು ಸಾವಂತ್ರವ್ವ. "ನಿನ್ನ ಸಾರು ಮಾತ್ರ ತರಬ್ಯಾಡ."

ಎಂಟು ದಿನಕ್ಕೆ ಜ್ವರ ಬಿಟ್ಟಿತು. ಇನ್ನೂ ಕೆಲವು ದಿನ ಕಳೆದು ಅಡುಗೆಮನೆಯಿಂದ ಮತ್ತೆ ಅವಳ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಆಶ್ರಮದಲ್ಲಿ ಉಪವಾಸ ಮಾಡುವವರು ಒಬ್ಬರೂ ಉಳಿಯಲಿಲ್ಲ.

ಆ ದಿನ ಕಟ್ಟೆಯ ಮೇಲೆ ಇಂದುಧರ ಕೇಳಿದ:

"ಅಮ್ಮಾ, ಹಾಗಾದರೆ ವಂಶ ಕೇಳುವುದೇ ತಪ್ಪಾ?"

ಗುರು ಬಿಸಿ ರೊಟ್ಟಿ ಮುರಿದು ಅರ್ಧ ಅವನ ಕೈಗಿಟ್ಟರು.

"ಕೇಳು ಮಗಾ. ಯಾರ ಪಕ್ಕ ಕೂತಿತ್ತು ಅಂತಲೂ ಕೇಳು."