ಫಿಲ್ಟರಿನ ರಾಡಿಯಲ್ಲಿ ಬರೆದ ತಪ್ಪೊಪ್ಪಿಗೆ

ಡೈರಿಯ ಪಿಕಪ್ ನಡುದಾರಿಯಲ್ಲಿ ಕೆಟ್ಟು ನಿಂತು, ಊರಿನವರ ಹಾಲೆಲ್ಲ ಬಿಸಿಲಿಗೆ ಒಡೆದುಹೋಯಿತು. ಡೀಸೆಲ್ ಫಿಲ್ಟರ್ ಬದಲಿಸಿ ಎಂದು ಡ್ರೈವರ್ ಫಕೀರಪ್ಪ ಮೂರು ಸಲ ಕೇಳಿದ್ದ. "ಹೊಸಾ ಗಾಡಿಗೆ ಎಂಥಾ ಫಿಲ್ಟರೋ?" ಎಂದು ಮ್ಯಾನೇಜರ್ ವಾಮನರಾಯರು ಗದರಿ ಕಳಿಸಿದ್ದರು. ಈಗ ಅವರೇ ಹಾಲು ಹಾಕುವವರನ್ನೆಲ್ಲ ಸೇರಿಸಿ ಫಕೀರಪ್ಪನ ಮೇಲೆ ಅಬ್ಬರಿಸಿದರು: "ಗಾಡಿ ಕೆಡಿಸಿದಾವ ನೀನ! ಎಲ್ಲಾರ ಮುಂದ ತಪ್ಪೊಪ್ಪಿಗೆ ಬರದುಕೊಡು!"

ಫಕೀರಪ್ಪನಿಗೆ ಮೈಯೆಲ್ಲ ಉರಿಯಿತು. ಹೊರಗೆ ಹೋಗಿ, ಡೈರಿಯ ಅಂಗಳಕ್ಕೆ ಎಳೆಸಿ ನಿಲ್ಲಿಸಿದ್ದ ಗಾಡಿಯ ಫಿಲ್ಟರ್ ಬಿಚ್ಚಿ ತಂದು ಮೇಜಿನ ಮೇಲೆ ಕುಕ್ಕಿದ. ಅದರೊಳಗಿನ ಕರಿ ರಾಡಿಯಲ್ಲಿ ಬೆರಳದ್ದಿ, ಕಾಗದದ ಮೇಲೆ ದೊಡ್ಡದಾಗಿ ಬರೆದ: "ಫಿಲ್ಟರ್ ಬದಲಿಸೋದು ಬ್ಯಾಡ ಅಂದವರ ರುಜು."

"ತಪ್ಪೊಪ್ಪಿಗೆ ತಯಾರೈತ್ರಿ," ಎಂದು ಕಾಗದವನ್ನು ರಾಯರತ್ತ ತಳ್ಳಿದ.

ಸುತ್ತ ನಿಂತವರ ಕೆಂಗಣ್ಣು ನೋಡಿ ರಾಯರು ಜೇಬಿನ ಪೆನ್ನಿಗೆ ಕೈಹಾಕಿದರು.

"ಪೆನ್ ಬ್ಯಾಡ್ರಿ!" ಎಂದು ಹಾಲಿನವರೆಲ್ಲ ಕೂಗಿದರು. "ನೀವೂ ಬೆರಳ ಅದ್ದ್ರಿ!"