ನೂರಾ ಹನ್ನೆರಡು ಉತ್ತರ

ನದಿಯ ದಂಡೆಯ ಆಶ್ರಮಕ್ಕೆ ಬೊಮ್ಮರಸ ಬಂದಾಗ ಅವನ ಮುಖ ಬಾಡಿಹೋಗಿತ್ತು. ಮೂರು ದಿನದಿಂದ ಊಟ ಸೇರಿರಲಿಲ್ಲ. ಕಂಕುಳಲ್ಲಿ ಓಲೆಗರಿಯ ದೊಡ್ಡ ಕಟ್ಟು.

ಚಿಕ್ಕಂದಿನಲ್ಲಿ ಇಲ್ಲೇ ಓದಿದವನು ಅವನು. ಈಗ ರಾಜನ ಮಂತ್ರಿ. ಒಂದೇ ನದಿಯ ನೀರು ಕುಡಿಯುವ ಐದು ರಾಜ್ಯಗಳು ಹುಣ್ಣಿಮೆಗೆ ಸಭೆ ಸೇರಲಿದ್ದವು. ಬಟ್ಟೆಗೆ ಬಣ್ಣ ಹಾಕುವವರು ತೊಟ್ಟಿಯ ಕೊಳೆನೀರನ್ನೆಲ್ಲ ಬಿಟ್ಟು ಬಿಟ್ಟು ನದಿಯನ್ನು ಕೆಡಿಸಿಟ್ಟಿದ್ದರು. ಮೀನು ಹೋಗಲಿ, ಕಪ್ಪೆ ಕೂಡ ಉಳಿದಿರಲಿಲ್ಲ.

ಬೊಮ್ಮರಸನ ಆರು ವರ್ಷದ ಮಗಳಿಗೆ ಆ ನೀರಲ್ಲಿ ಮಿಂದು ಮೈಯೆಲ್ಲ ಹುಣ್ಣು. ಈ ಸಲ ಒಪ್ಪಂದ ಆಗದಿದ್ದರೆ ಮತ್ತೆ ಸಭೆ ಸೇರುವುದು ಹನ್ನೆರಡು ವರ್ಷಕ್ಕೆ. ಅಷ್ಟರಲ್ಲಿ ಮಗುವಿನ ಗತಿ ಏನೋ.

“ನದಿಯ ಮೇಲ್ಗಡೆ ಇರುವ ರಾಜ್ಯದವರು ಒಪ್ಪುವವರಲ್ಲ, ಗುರುಗಳೇ” ಎಂದ.

ಅವರು ತೆಗೆಯಬಹುದಾದ ತಕರಾರನ್ನೆಲ್ಲ ಊಹಿಸಿ ನೂರಾ ಹನ್ನೆರಡು ಉತ್ತರ ಬರೆದು ತಂದಿದ್ದ. ಹೊಟ್ಟೆಪಾಡು ಅಂದರೆ ಒಂದು ಉತ್ತರ, ತಾತನ ಕಾಲದ ಕಸುಬು ಅಂದರೆ ಇನ್ನೊಂದು. ಪಾಪ, ಯಾವುದನ್ನೂ ಬಿಟ್ಟಿರಲಿಲ್ಲ.

ಸೌತೆಕಾಯಿ ಹೆಚ್ಚುತ್ತಿದ್ದ ಗುರುಗಳು ಈಳಿಗೆಮಣೆ ಪಕ್ಕಕ್ಕೆ ಸರಿಸಿದರು. “ನಾನೇ ಮೇಲಿನ ರಾಜ್ಯದವನು ಅಂದುಕೋ. ಏನು ಬೇಕು, ಕೇಳು.”

ಬೊಮ್ಮರಸ ನೆಟ್ಟಗೆ ಕೂತ. “ದೀಪಾವಳಿಯಿಂದಾಚೆಗೆ ಯಾರೂ ಬಣ್ಣದ ನೀರನ್ನು ನದಿಗೆ ಬಿಡಬಾರದು.”

“ಆಗಲಿ, ನಿಲ್ಲಿಸುತ್ತೇವೆ. ನೀವೂ ಅವತ್ತೇ ನಿಲ್ಲಿಸಿಬಿಡಿ.”

ಬೊಮ್ಮರಸ ಕಟ್ಟು ಬಿಚ್ಚಿದ. ಗರಿಗಳನ್ನು ಒಂದೊಂದಾಗಿ ತಿರುವಿಹಾಕಿದ. ಒಲ್ಲೆ ಎಂದವರಿಗೆ ನೂರಾ ಹನ್ನೆರಡು ಉತ್ತರ ಇತ್ತು, ಹೂಂ ಎಂದವರಿಗೆ ಒಂದೂ ಇರಲಿಲ್ಲ.

“ನಿಮ್ಮೂರಲ್ಲೂ ಬಣ್ಣಗಾರರ ಕೇರಿ ಇದೆಯಲ್ಲ. ಅವರೇನಂದರು?”

ಅವನು ತಲೆ ತಗ್ಗಿಸಿದ. ಮುನ್ನೂರು ಮನೆಯ ಕೇರಿ ಅದು, ಅವನ ಮನೆಯಿಂದ ಕೂಗಳತೆ ದೂರ. ಅಲ್ಲಿಯ ತೊಟ್ಟಿಗಳ ನೀರು ಇದೇ ನದಿಗೆ ಬಿದ್ದು ಕೆಳಗಿನ ರಾಜ್ಯದ ಮಕ್ಕಳ ಮೈಗೆ ಹತ್ತುತ್ತಿತ್ತು. ಗೊತ್ತಿದ್ದೂ ಅವನು ಅತ್ತ ಕಾಲಿಟ್ಟಿರಲಿಲ್ಲ. ಐದು ರಾಜರೆದುರು ನಿಲ್ಲುವುದಕ್ಕಿಂತ ಆ ಕೇರಿಯ ಹೆಂಗಸರೆದುರು ನಿಲ್ಲುವುದಕ್ಕೇ ಅವನಿಗೆ ಹೆಚ್ಚು ಭಯ. ಅದನ್ನು ಮುಚ್ಚಿಡದೆ ಹೇಳಿಕೊಂಡ. ತಾನು ಸಭೆಯಲ್ಲಿ ಮಾತು ಕೊಟ್ಟು ಬಂದು, ಈ ಕೇರಿಯವರು ನಿಲ್ಲಿಸದೆ ಹೋದರೆ, ಒಪ್ಪಂದ ಮುರಿದವರು ತಾವೇ ಆಗುತ್ತೇವೆ ಎಂಬುದು ಈಗ ಅವನಿಗೆ ಹೊಳೆದಿತ್ತು.

“ಹುಣ್ಣಿಮೆಗೆ ಇನ್ನು ಒಂಬತ್ತೇ ದಿನ. ಕೇರಿಯವರು ಒಲ್ಲೆ ಅಂದುಬಿಟ್ಟರೆ?”

ಗುರುಗಳು ಹರಡಿಬಿದ್ದ ಗರಿಗಳನ್ನು ಒಟ್ಟುಮಾಡಿ, ಕಟ್ಟಿ, ಅವನ ಮಡಿಲಲ್ಲಿಟ್ಟರು.

“ನೂರಾ ಹನ್ನೆರಡು ಉತ್ತರ ಇದೆಯಲ್ಲಪ್ಪ. ಅವರ ಮುಂದೆ ಓದು.”