ಹೊನ್ನೂರಮ್ಮನ ಬೆರಳು

ಯುಗಾದಿಯ ಮಧ್ಯಾಹ್ನ. ಹೂರಣದ ಪರಿಮಳಕ್ಕೆ ಇಡೀ ಮನೆಯೇ ತೂಕಡಿಸುತ್ತಿತ್ತು. ಅಡುಗೆಯ ಹೊನ್ನೂರಮ್ಮನಿಗೆ ಒಲೆಯ ಮುಂದೆಯೇ ಜೊಂಪು ಹತ್ತಿತ್ತು; ಕನಸಿನಲ್ಲಿ ಅವಳು ತುಪ್ಪದ ಹೊಳೆಯಲ್ಲಿ ಹೋಳಿಗೆಯ ದೋಣಿಯೇರಿ ತೇಲಿಹೋಗುತ್ತಿದ್ದಳು.

"ಹೊನ್ನೂರಮ್ಮ, ಬೆರಳು ಕೊಡು!"

ಕಣ್ಣು ಬಿಟ್ಟರೆ ಯಜಮಾನರು, ನಿವೃತ್ತ ಶಿರಸ್ತೇದಾರ್ ವಿರೂಪಣ್ಣನವರು. ಅಪ್ಪನಿಗಿದ್ದ ಸಕ್ಕರೆ ಕಾಯಿಲೆ ತಮಗೂ ಬಂದೀತೆಂದು ಹೆದರಿ ರಕ್ತ ನೋಡುವ ಮಿಷನ್ ತರಿಸಿದ್ದರು. ಸೂಜಿಗೆ ಅದಕ್ಕಿಂತ ಹೆಚ್ಚು ಹೆದರುತ್ತಿದ್ದರು.

"ನನ್ನ ಬೆರಳು ಯಾಕೆ ಸಾಹೇಬ್ರೇ?"

"ಒಂದೇ ಮನೆ, ಒಂದೇ ಒಲೆ, ಒಂದೇ ಅನ್ನ. ನಿನಗೆ ಸಕ್ಕರೆ ಇಲ್ಲದಿದ್ದರೆ ನನಗೂ ಇಲ್ಲ. ಇದು ಆರ್ಡರ್!"

ಅವಳು ಬೆರಳೊಡ್ಡಿದಳು. ಮಿಷನ್ ಕುಂಯ್ ಎಂದಿತು.

"ನಾರ್ಮಲ್! ನಾನು ಬಚಾವಾದೆ! ಬಡಿಸು ಹೋಳಿಗೆ!"

ಹೊನ್ನೂರಮ್ಮ ಎಲೆ ಹಾಕಿ ಅವರನ್ನು ಕೂರಿಸಿದಳು. ಎದುರಿಗೆ ತಾನೂ ಕೂತಳು. ತನ್ನ ಎಲೆಗೆ ಹೋಳಿಗೆ ಹಾಕಿಕೊಂಡು, ತುಪ್ಪ ಸುರಿದುಕೊಂಡು, ಅರೆಗಣ್ಣು ಮುಚ್ಚಿ ತಿನ್ನತೊಡಗಿದಳು.

"ನನಗೆಲ್ಲಿ?" ಸಾಹೇಬರು ಗುಡುಗಿದರು.

"ನಿಮ್ಮ ಪರವಾಗಿ ನಾನೇ ತಿಂತಾ ಇದ್ದೀನಲ್ಲ ಸಾಹೇಬ್ರೇ. ಒಂದೇ ಮನೆ, ಒಂದೇ ಒಲೆ. ನನ್ನ ಹೊಟ್ಟೆ ತುಂಬಿದರೆ ನಿಮ್ಮದೂ ತುಂಬಿದ ಹಾಗೆ."

ಅವಳು ಎರಡನೆಯ ಹೋಳಿಗೆಗೆ ಕೈಹಾಕುವಷ್ಟರಲ್ಲಿ ಸಾಹೇಬರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತಮ್ಮ ಬೆರಳನ್ನು ಅವಳ ಮುಂದೆ ಚಾಚಿದ್ದರು.